ಅರ್ಧ ನಿಮಿಷ ತಡ

ಬುರ್ಹಾನುದ್ದೀನನ ಹೆಂಡತಿ ಮೆಹಬೂಬಿಗೆ ಇದನ್ನ ನಾ ಇವತ್ತಿಗೂ ಹೇಳಿಲ್ಲ.

೨೦೦೭. ಕಲಬುರ್ಗಿಯ ಸೇಡಂ ರಸ್ತೆಯಾಗ ನನ್ನ ಕಂಪ್ಯೂಟರ್ ಕ್ಲಾಸು, ಕಮಲಾಪುರದಾಗ ಅದರ ಶಾಖೆ. ಅಲ್ಲಿ ಕಲಿಸ್ತಿದ್ದವ ಬುರ್ಹಾನ. ಇಲ್ಲಿಂದನೇ ಮಾತಾಡಿ, ನನ್ನ ಸ್ಕ್ರೀನನ್ನ ಕಮಲಾಪುರದ ಹುಡುಗರಿಗೆ ತೋರಿಸಿ ಪಾಠ ಮಾಡಬೇಕಂತ ರೊಕ್ಕ ಕೊಡಲಾರದ ಸಿಗೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಹುಡುಕಾಕತ್ತಿದ್ವಿ. ಅವನ ಹಳೇ ಕಂಪ್ಯೂಟರ್ ದೊಡ್ಡ ಸಾಫ್ಟ್‌ವೇರ್ ಎಳೀತಿರಲಿಲ್ಲ. ಕಡೀಗೆ ಅವನೇ ಒಂದು ಹಗುರಾದ್ದು ಆರಿಸಿದ.

ನಾ ಬೈದೆ: "ನಿನ್ನ ಮಾತು ಅರ್ಧ ನಿಮಿಷ ತಡ ಆಗಿ ಬರಾಕತ್ತದ. ಇದು ಬ್ಯಾಡ. ಕಂಪ್ಯೂಟರ್ ಟೆಂಪೊದಾಗ ಹಾಕ್ಕೊಂಡು ಬಾ, ನಾ ನೋಡ್ತೇನಿ."

ಮಹಾಗಾಂವ ಹತ್ರ ಟೆಂಪೊ ಪಲ್ಟಿ ಆತು. ಅವ ಉಳೀಲಿಲ್ಲ.

ಮೂರನೇ ದಿನ ಅವನ ಜಿಯಾರತ್ ಪ್ರಾರ್ಥನೆ ಮುಗಿಸಿ ಬಂದು, ಮಧ್ಯಾಹ್ನ ಆ ಸಾಫ್ಟ್‌ವೇರ್ ತಗದು ಹಾಕಾಕ ಕುಂತೆ. ಸ್ಕ್ರೀನಿನ ಮ್ಯಾಲ ಅವನ ಹೆಸರಿನ ಮುಂದ ಹಸಿರು ದೀಪ ಹತ್ತಿತು. ಮೇ ತಿಂಗಳ ಬಿಸಿಲು, ಕಿವಿಗೆ ಹಾಕಿದ ಹೆಡ್‌ಫೋನ್ ಮಾತ್ರ ಮಣ್ಣಿನ ಕೊಡದ ನೀರಿನಂಗ ತಣ್ಣಗಿತ್ತು. ಮೊದಲ ಅವನ ಕ್ಲಾಸಿನ ಫ್ಯಾನಿನ ಕಿರಗುಟ್ಟೋ ಸಪ್ಪಳ. ಆಮ್ಯಾಲ ಅವನ ದನಿ.

"ಸರ್, ಈಗ ಮಾತು ಸರಿ ಬರಾಕತ್ತದಲ್ರೀ? ಹಂಗಾದ್ರ ನಾ ಬರೂದು ಬ್ಯಾಡಲ್ರೀ?"

ಅವನ ಕಂಪ್ಯೂಟರ್ ನುಚ್ಚುನೂರಾಗಿ, ಗೋಣಿಚೀಲದಾಗ, ನನ್ನ ಕಾಲ ಹತ್ರನೇ ಇತ್ತು.

"ಬ್ಯಾಡೋ ಬುರ್ಹಾನ, ಬರಬ್ಯಾಡ!" ಅಂತ ಚೀರಿದೆ. ಅರ್ಧ ನಿಮಿಷ ಕಾದೆ.

ಆಮ್ಯಾಲ ಹೆಡ್‌ಫೋನಿನಾಗ ಟೆಂಪೊ ಚಾಲೂ ಆದ ಸಪ್ಪಳ ಕೇಳಿತು.