ಖಾಲಿ ಕೋಣೆಯ ವರದಿ

ನಾನು ಕಂಪ್ಯೂಟರ್ ರಿಪೇರಿ ಮಾಡುವವಳು. ಇದು ಅಕ್ಕನ ಕಿವಿ ಪರೀಕ್ಷೆಯ ಕ್ಲಿನಿಕ್ಕಿನಲ್ಲಿ ಹಾಡಹಗಲೇ ನಡೆದದ್ದು. ಹಳೆಯ ಕಂಪ್ಯೂಟರ್ ಕೆಟ್ಟು ಹೊಸದು ಬಂದಿತ್ತು. ಪರೀಕ್ಷೆಯ ಸಾಫ್ಟ್‌ವೇರ್ ಮಾತ್ರ ಹಳೆಯದೇ. ಹೊಸ ಪ್ರೊಸೆಸರ್ ಅದಕ್ಕೆ ಆಗಿಬರದೆ, ಇನ್‌ಸ್ಟಾಲ್ ಮಾಡಹೋದರೆ ಪ್ರತಿ ಸಲವೂ ಅರ್ಧಕ್ಕೇ ನಿಲ್ಲುತ್ತಿತ್ತು.

“ಬಿಟ್ಬಿಡೇ, ನಾಳೆ ನೋಡೋಣ,” ಎಂದಳು ಅಕ್ಕ. ಹೊರಗೆ ಒಬ್ಬ ತಾಯಿ ಇನ್ನೂ ಮಾತು ಬಾರದ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಬೆಳಗಿನಿಂದ ಕಾದಿದ್ದಳು.

“ಅದೆಷ್ಟು ಹಟ ಮಾಡುತ್ತೋ ನಾನೂ ನೋಡ್ತೀನಿ ಬಿಡಕ್ಕಾ,” ಎಂದೆ. ಪ್ರೊಸೆಸರಿನ ಹೊಸ ಸೌಲಭ್ಯಗಳು ಸಾಫ್ಟ್‌ವೇರಿನ ಕಣ್ಣಿಗೆ ಬೀಳದಂತೆ ಒಂದೊಂದಾಗಿ ಮರೆಮಾಡಿದೆ. ಒಂಬತ್ತನೆಯ ಪ್ರಯತ್ನಕ್ಕೆ ಇನ್‌ಸ್ಟಾಲ್ ಆಯಿತು.

ಆದ ಕೂಡಲೇ ತಾನಾಗಿಯೇ ಒಂದು ಪರೀಕ್ಷೆ ಶುರುವಾಯಿತು. ಗಾಜಿನಾಚೆಯ ಪರೀಕ್ಷೆಯ ಕೋಣೆ ಖಾಲಿಯಿತ್ತು. ಶಬ್ದ ಕೇಳಿದಾಗ ರೋಗಿ ಒತ್ತಬೇಕಾದ ಗುಂಡಿ ಕುರ್ಚಿಯ ಮೇಲೆ ಬಿದ್ದಿತ್ತು. ಎಲ್ಲಕ್ಕಿಂತ ಜೋರಾದ ಶಬ್ದಕ್ಕೆ ಅದು ‘ಟಕ್’ ಎಂದಿತು. ತೆರೆಯ ಮೇಲೆ ಗುರುತು ಬಿತ್ತು. ಒಳಗೆ ಹೋಗಿ ನೋಡಿದೆ. ಕೋಣೆ ತಣ್ಣಗೆ ಕೊರೆಯುತ್ತಿತ್ತು, ಕುರ್ಚಿ ಮಾತ್ರ ಬೆಚ್ಚಗಿತ್ತು.

“ವೈರ್ ಸಡಿಲ ಇರ್ಬೇಕು,” ಎಂದಳು ಅಕ್ಕ, ನನ್ನ ಮುಖ ನೋಡದೆ.

ವೈರ್ ಬದಲಿಸಿದೆ, ಗುಂಡಿಯನ್ನೂ ಬದಲಿಸಿದೆ. ಮಗು ಶಬ್ದಕ್ಕೆ ತಿರುಗುವುದನ್ನು ನೋಡಿ ಅಕ್ಕನೇ ಗುಂಡಿ ಒತ್ತಿದಳು; ಪರೀಕ್ಷೆ ಸರಿಯಾಗಿಯೇ ಆಯಿತು. ತಿಂಗಳೊಳಗೆ ಅದರ ಕಿವಿಗೆ ಯಂತ್ರವೂ ಬಂತು.

ಅಕ್ಕ ಹೆದರಿ ಕ್ಲಿನಿಕ್ ಮುಚ್ಚಲಿಲ್ಲ. ಆದರೆ ದಿನವೂ ಬೆಳಿಗ್ಗೆ ಮೊದಲ ರೋಗಿ ಬರುವ ಮುಂಚೆಯೇ ಕಂಪ್ಯೂಟರಿನಲ್ಲಿ ರೋಗಿಯ ಹೆಸರಿಲ್ಲದ ಒಂದು ವರದಿ ಸೇರಿಕೊಂಡಿರುತ್ತದೆ. ಮೊದಲ ದಿನದ ವರದಿಯಲ್ಲಿ ಆ ಹೆಸರಿಲ್ಲದ ರೋಗಿಯ ಕಿವಿ ಹೆಚ್ಚುಕಮ್ಮಿ ಪೂರ್ತಿ ಕಿವುಡಾಗಿತ್ತು. ದಿನದಿಂದ ದಿನಕ್ಕೆ ಸುಧಾರಿಸುತ್ತಿದೆ. ಮೊನ್ನೆಯ ವರದಿಯ ಪ್ರಕಾರ ಅದಕ್ಕೀಗ ಪಿಸುಮಾತೂ ಕೇಳಿಸುತ್ತದೆ.