ಅಳತೆಯ ಸುತ್ತಿಗೆ

ಪರ್ತ್‌ನ ಉತ್ತರಕ್ಕಿರುವ ಯಾಂಚೆಪ್ ಕಡಲತೀರದಲ್ಲಿ ಹದಿನಾಲ್ಕು ವರ್ಷದಿಂದ ಸೈಕಲ್ ತುಳಿಯುತ್ತಿದ್ದೇನೆ. ಗಣಿ ಕಂಪನಿಯೊಂದರಲ್ಲಿ ಭೂವಿಜ್ಞಾನಿ ನಾನು. ಅಲ್ಲಿನ ಸುಣ್ಣಕಲ್ಲುಗಳನ್ನು ನನ್ನಷ್ಟು ಬಲ್ಲವರಿಲ್ಲ ಎಂದು ಎದೆ ತಟ್ಟಿ ಹೇಳುತ್ತೇನೆ. ಗಾತ್ರ ತಿಳಿಯಲೆಂದು ಕಲ್ಲಿನ ಪಕ್ಕ ಸುತ್ತಿಗೆಯಿಟ್ಟು ಫೋಟೊ ತೆಗೆಯುವುದು ನಮ್ಮ ವೃತ್ತಿಯ ರೂಢಿ. ಹಿಡಿಕೆಯನ್ನು ಉತ್ತರಕ್ಕೆ ತಿರುಗಿಸಿಡುವುದು ನನ್ನದು.

ಕಳೆದ ಭಾನುವಾರ ಸುತ್ತಿಗೆಯನ್ನು ಮನೆಯಲ್ಲೇ ಮರೆತು ಹೋಗಿದ್ದೆ. ಇಲ್ಲಿನ ಕಲ್ಲಿಗೆ ನನಗೇಕೆ ಅಳತೆ ಎಂದುಕೊಂಡು ಹನ್ನೊಂದು ಫೋಟೊ ತೆಗೆದೆ. ಸುಡುಬಿಸಿಲಲ್ಲೂ ಕಲ್ಲುಗಳು ತಣ್ಣಗಿದ್ದವು. ಹಿಂದೆ ಎಲ್ಲೋ ಟಕ್ ಟಕ್ ಎಂಬ ಸದ್ದು. ಸೈಕಲ್ ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು.

ಮನೆಗೆ ಬಂದು ಹೆಂಡತಿ ಕನಕಳಿಗೆ ಹೆಮ್ಮೆಯಿಂದ ಫೋಟೊ ತೋರಿಸಲು ಕೂತೆ. ಒಂದೊಂದರಲ್ಲೂ ನನ್ನ ಸುತ್ತಿಗೆಯಿತ್ತು, ಹಿಡಿಕೆ ಉತ್ತರಕ್ಕೆ.

"ಇದನ್ನ ಯಾವಾಗ ತಗೊಂಡ್ಹೋದ್ರಿ?" ಎಂದಳು ಕನಕ. "ನೀವು ಹೋದ್ಮೇಲೆ ನಾನು ಇದ್ರಲ್ಲೇ ತೆಂಗಿನಕಾಯಿ ಒಡೆದ್ನಲ್ರೀ!"

ಸುತ್ತಿಗೆ ಅಡುಗೆಕಟ್ಟೆಯ ಮೇಲೇ ಇತ್ತು. ಕೊನೆಯ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಅದರಲ್ಲಿ ಸುತ್ತಿಗೆಯ ತಲೆಗೆ ತೆಂಗಿನ ನಾರಿನ ಎಳೆಯೊಂದು ಅಂಟಿಕೊಂಡಿತ್ತು.