ಚೀಲದಲ್ಲಿ ಸಿಕ್ಕ ಅರ್ಧ ರೊಟ್ಟಿ

2019ರ ಸೆಪ್ಟೆಂಬರ್ 6, ಶುಕ್ರವಾರ, ಬೆಳಿಗ್ಗೆ 8.40. ಜಾರ್ಜಿಯಾ ದೇಶದ ಸ್ವಾನೇತಿ ಬೆಟ್ಟಸೀಮೆಯ ಪೇಟೆ ಠಾಣೆಗೆ ಲಖೂರಿ ಹಳ್ಳಿಯಿಂದ ಜೊಕಿಯಾ ಎಂಬ ಎಪ್ಪತ್ತೆಂಟರ ಮುದುಕ ಬಂದ. ಲಖೂರಿಯ ಚರ್ಚಿನ ಬೀಗದ ಕೈ ತಲೆತಲಾಂತರದಿಂದ ಅವನ ಮನೆತನದ್ದು. ಬೂದು ಉಣ್ಣೆಟೋಪಿಯನ್ನು ಕೈಯಲ್ಲಿ ಹಿಂಡುತ್ತ ಬಾಗಿಲಲ್ಲೇ ನಿಂತ.

“ಒಳಗೆ ಬಾ ಅಜ್ಜ, ಕೂತ್ಕೊ,” ಎಂದ ಇನ್‌ಸ್ಪೆಕ್ಟರ್ ಮುರ್ಮಾನ್ ನಕಾನಿ.

“ಕೂರೋ ಮುಖ ಇಲ್ಲ ನಂಗೆ. ದೇವದೂತ ಮನೇಲಿಲ್ಲ ಮುರ್ಮಾನ್.”

ಕಾನ್‌ಸ್ಟೇಬಲ್ ಎಲಿಸೊ ಪೆನ್ನು ಎತ್ತಿಕೊಂಡಳು. ಕೆಳಗಿನ ಬಯಲುಸೀಮೆಯವಳು, ಈ ಬೆಟ್ಟಕ್ಕೆ ವರ್ಗವಾಗಿ ಬಂದು ಐದು ತಿಂಗಳಾಗಿತ್ತು. “ಕಾಣೆಯಾದವರ ವಯಸ್ಸೆಷ್ಟು ಅಜ್ಜ?”

“ಒಂಬೈನೂರು ವರ್ಷ.”

ಮುರ್ಮಾನ್ ನಗಲಿಲ್ಲ. ಅವನು ಇದೇ ಸೀಮೆಯವನು. ಲಖೂರಿಯ ಮಿಖಾಯಿಲ್ ದೇವದೂತನ ಪಟ ಎರಡು ಅಂಗೈಯಷ್ಟಗಲ; ಮುತ್ತಿಟ್ಟು ಮುತ್ತಿಟ್ಟು ಅದರ ಮುಖವೇ ಸವೆದುಹೋಗಿತ್ತು. ಸುತ್ತಿನ ಏಳು ಹಳ್ಳಿಗಳಲ್ಲಿ ಯಾರ ಮಾತು ನಿಜ, ಯಾರದು ಸುಳ್ಳು ಎಂದು ತೀರ್ಮಾನವಾಗದಿದ್ದರೆ ಆ ಪಟವನ್ನು ಎದೆಗೆ ಹಿಡಿದು ಆಣೆ ಮಾಡಬೇಕು. ಬರುವ ಭಾನುವಾರ ಅಂಥದೊಂದು ಆಣೆ ಗೊತ್ತಾಗಿತ್ತು. ಹೊಳೆಯಲ್ಲಿ ಪ್ರವಾಸಿಗರನ್ನು ಕುದುರೆಯ ಮೇಲೆ ದಾಟಿಸುವ ಇಬ್ಬರು, ಬಿಮುರ್ಜಾ ಮತ್ತು ನೊದಾರ್, ಊರ ಮುಂದೆ ಆಣೆ ಮಾಡಬೇಕಿತ್ತು.

“ಕೊನೇ ಸಲ ನೋಡಿದ್ದು ಯಾವಾಗ?”

“ನಿನ್ನೆ ಹನ್ನೊಂದು ಗಂಟೆಗೆ. ಪರದೇಶದ ಹೆಂಗಸು, ಒಬ್ಬಳೇ ಬಂದಿದ್ಲು. ಚರ್ಚು ನೋಡ್ಬೇಕು ಅಂದ್ಲು. ಬಾಗಿಲು ತೆಗೆದೆ.”

“ನೀನು ಜೊತೆಗೇ ಇದ್ಯಾ?”

ಮುದುಕ ಟೋಪಿಯನ್ನು ನೋಡಿಕೊಂಡ. “ಇದ್ದೆ.”

“ಬೀಗ ಒಡೆದಿತ್ತಾ?”

“ಇಲ್ಲ. ಇವತ್ತು ಬೆಳಗ್ಗೆ ಗುಡಿಸೋಕೆ ಹೋದೆ, ಜಾಗ ಖಾಲಿ. ಆ ಹೆಂಗಸು ಇವತ್ತು ಹೊಳೆ ದಾಟಿ ಆಚೆ ಊರಿಗೆ ನಡ್ಕೊಂಡು ಹೋಗ್ತೀನಿ ಅಂದಿದ್ಲು. ಈಗ ಚೌಕದಲ್ಲಿ ನೋಡ್ದೆ, ಕುತೈಸಿ ಬಸ್ಸಿಗೆ ಅಂತ ಪೇಟೆಗೆ ಓಡಿ ಬಂದಿದಾಳೆ. ಯಾಕೆ ಓಡ್ಬೇಕು ಹೇಳು?”

ಎಫ್‌ಐಆರ್ ಸಂಖ್ಯೆ 41/2019 ದಾಖಲಾಯಿತು. ‘ಕಳುವಾದ ವಸ್ತುವಿನ ಮೌಲ್ಯ’ ಎಂಬ ಕಾಲಮ್ಮಿಗೆ ಬಂದಾಗ ಎಲಿಸೊ ತಲೆಯೆತ್ತಿದಳು. ಅದನ್ನು ಖಾಲಿ ಬಿಟ್ಟು ಸಹಿ ಹಾಕಿಸಿಕೊಂಡಳು. ಗಡಿಯಾರದಲ್ಲಿ 9.05. ಬಸ್ಸು ಒಂಬತ್ತೂವರೆಗೆ.

ಚೌಕದಲ್ಲಿ ಮಿನಿಬಸ್ಸು ಆಗಲೇ ತುಂಬಿತ್ತು. ಕಿಟಕಿಯ ಪಕ್ಕ ಐವತ್ತು ದಾಟಿದ ಹೆಂಗಸೊಬ್ಬಳು ಮಡಿಲಲ್ಲಿ ನೋಟುಪುಸ್ತಕ ಇಟ್ಟುಕೊಂಡು ಕೂತಿದ್ದಳು. ಪಾಸ್‌ಪೋರ್ಟಿನ ಪ್ರಕಾರ ಹೆಸರು ರಾಸಾ. ಲಿಥುವೇನಿಯಾ ದೇಶದ ಶಾಲೆಯೊಂದರಲ್ಲಿ ರಷ್ಯನ್ ಟೀಚರು. ಆ ಭಾಷೆ ಮುರ್ಮಾನನಿಗೂ ಬರುತ್ತಿತ್ತು.

“ಕೆಳಗಿಳೀರಿ. ಚೀಲ ತೋರಿಸ್ಬೇಕು.”

“ಯಾಕೆ?”

“ಲಖೂರಿ ಚರ್ಚಿನಲ್ಲಿ ಕಳವಾಗಿದೆ.”

ಅವಳು ಇಳಿದು ಬಂದು ಚೀಲವನ್ನು ಕಲ್ಲುಬೆಂಚಿನ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಬಸ್ಸಿನ ಡ್ರೈವರನೂ ಔಷಧಿ ಅಂಗಡಿಯಾಕೆಯೂ ಪಂಚರಾದರು. ಬಸ್ಸಿನವರು ಕಿಟಕಿಗಳಿಂದ ಕತ್ತು ಚಾಚಿದರು.

“ಗಂಡ ಇಲ್ಲ, ಜೊತೆಗೊಬ್ಬರಿಲ್ಲ. ಇಷ್ಟು ದೂರ ಸುಮ್ನೆ ಬರ್ತಾರಾ?” ಎಂದಿತು ಒಂದು ಧ್ವನಿ.

“ಬೆಟ್ಟ ನೋಡೋಕಂತೆ. ಅವರೂರಲ್ಲಿ ಬೆಟ್ಟ ಇಲ್ವಾ?”

“ಇಲ್ವಂತೆ ಮಾರಾಯ, ಎಲ್ಲಾ ತಟ್ಟೆ ಥರ ಚಪ್ಪಟೆಯಂತೆ.”

ನಗು ಎದ್ದಿತು. ಎಲಿಸೊ ಒಂದೊಂದೇ ವಸ್ತು ತೆಗೆದು ಬೆಂಚಿನ ಮೇಲಿಟ್ಟಳು. ಮಳೆಯಂಗಿ, ಎರಡು ಅಂಗಿ, ಒಳಉಡುಪು, ರಕ್ತದೊತ್ತಡದ ಮಾತ್ರೆ, ಒಂದು ಕಾಲಿಗೆ ಹೆಣೆದು ಮುಗಿಸಿದ ಕಾಲುಚೀಲ. ಕಾಗದದಲ್ಲಿ ಸುತ್ತಿದ ಮೇಣದ ಬತ್ತಿಯ ತುಂಡುಗಳು ಹನ್ನೊಂದು. ಒಂದೊಂದರ ಮೇಲೂ ಒಂದು ಚರ್ಚಿನ ಹೆಸರು, ತಾರೀಖು. ತ್ಬಿಲಿಸಿಯದು, ಮ್ತ್ಸ್‌ಖೇತಾದ್ದು, ಕಜ್ಬೇಗಿ ಬೆಟ್ಟದ ಮೇಲಿನದು. ನೋಟುಪುಸ್ತಕದ ತುಂಬ, ರಷ್ಯನ್ನಿನಲ್ಲೇ, ಇಪ್ಪತ್ತೆರಡು ದಿನದ ದಾರಿ: ಯಾವ ಊರಲ್ಲಿ ಯಾವ ಬೀದಿ ಚಂದ, ಯಾವ ಕಣಿವೆಯ ನೀರು ಯಾವ ಬಣ್ಣ, ಯಾರು ದ್ರಾಕ್ಷಿ ಕೊಟ್ಟರು. ಮುರ್ಮಾನ್ ಪುಟ ತಿರುವಿದ. ‘ಈ ದೇಶದಲ್ಲಿ ಒಂಟಿಯಾಗಿರಲು ಯಾರೂ ಬಿಡುವುದಿಲ್ಲ’ ಎಂದು ನಿನ್ನೆಯ ತಾರೀಖಿನಡಿ ಬರೆದಿತ್ತು. ಅವನು ಪುಸ್ತಕ ಮುಚ್ಚಿಟ್ಟ.

ಪಟ ಇರಲಿಲ್ಲ.

ಚೀಲದ ತಳದಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಅರ್ಧ ರೊಟ್ಟಿಯಿತ್ತು. ಒಳಗೆ ಗಿಣ್ಣು, ಮೇಲೆ ಬೆರಳಿನಿಂದ ಒತ್ತಿದ ಶಿಲುಬೆ. ಎಲಿಸೊ ಅದನ್ನೂ ಪಂಚನಾಮೆಗೆ ಸೇರಿಸುತ್ತ, “ತಿಂಡಿ, ಅರ್ಧ,” ಎಂದು ಬರೆಯತೊಡಗಿದಳು.

“ತಿಂಡಿ ಅಂತ ಬರೀಬೇಡ,” ಎಂದ ಮುರ್ಮಾನ್.

ಅದು ಲೆಮ್ಜಿರ್, ನೈವೇದ್ಯದ ರೊಟ್ಟಿ. ಅಂಗಡಿಯಲ್ಲಿ ಸಿಗುವುದಲ್ಲ. ಮನೆಯ ಹೆಂಗಸು ಮಡಿ ಹಿಟ್ಟಿನಲ್ಲಿ ಮೂರೇ ಮೂರು ಸುಡುತ್ತಾಳೆ. ಗಂಡಸು ಅದನ್ನು ಪಟದ ಮುಂದಿಟ್ಟು ಏನನ್ನೋ ಬೇಡುತ್ತಾನೆ, ಇಲ್ಲವೇ ತಪ್ಪಾಯಿತೆನ್ನುತ್ತಾನೆ. ಆಮೇಲೆ ಅಲ್ಲಿರುವವರಿಗೆ ಹಂಚಿಯೇ ತಿನ್ನಬೇಕು.

“ಇದು ಯಾರು ಕೊಟ್ಟಿದ್ದು?”

“ಚರ್ಚಿಗೆ ಬಂದ ಒಬ್ಬರು. ಐವತ್ತರ ಮೇಲಿನವರು. ಮೂರು ರೊಟ್ಟಿ ತಂದಿದ್ರು. ಪ್ರಾರ್ಥನೆಗೆ ಬಂದಿದಾರೆ, ನಾನು ಇರೋದು ಸರಿಯಲ್ಲ ಅಂತ ಹೊರಟೆ. ಅವರು ಬಾಗಿಲವರೆಗೆ ಬಂದು ಒಂದು ರೊಟ್ಟಿ ಕೈಗಿಟ್ರು. ಬೀಗದ ಕೈ ತಾವೇ ಅಜ್ಜನ ಮನೆಗೆ ಮುಟ್ಟಿಸ್ತೀನಿ ಅಂದ್ರು.”

“ಅಜ್ಜ ಜೊತೆಗಿರಲಿಲ್ವಾ?”

“ಅವರಿಗೆ ಮಂಡಿನೋವು. ದಿಬ್ಬದ ಅರ್ಧದಲ್ಲೇ ಬೀಗದ ಕೈ ನನಗೆ ಕೊಟ್ಟು ಕೂತುಬಿಟ್ರು.”

“ಹೊಳೆ ದಾಟೋದು ಬಿಟ್ಟು ಬಸ್ಸಿಗೆ ಯಾಕೆ ಬಂದ್ರಿ?”

“ರೊಟ್ಟಿ ಕೊಟ್ಟವರೇ ಬೇಡ ಅಂದ್ರು. ನನ್ನ ತೋಳು ಹಿಡ್ಕೊಂಡು, ‘ಆ ಹೊಳೆ ಕಡೆ ಒಬ್ಬಳೇ ಹೋಗ್ಬೇಡ ತಂಗಿ, ಬಸ್ಸಿಗೆ ಹೋಗು, ಮಾತು ಕೊಡು’ ಅಂದ್ರು. ಕಣ್ಣಲ್ಲಿ ನೀರಿತ್ತು. ಮಾತು ಕೊಟ್ಟೆ.”

“ಇದನ್ನ ಮೊದಲೇ ಹೇಳ್ಬಹುದಿತ್ತಲ್ಲ?”

ರಾಸಾ ಬೆಂಚಿನ ಮೇಲಿನ ತನ್ನ ಬಟ್ಟೆಗಳನ್ನು ನೋಡಿದಳು. “ನೀವು ಚೀಲ ಕೇಳಿದ್ರಿ. ನನ್ನನ್ನ ಏನೂ ಕೇಳಲಿಲ್ಲ.”

ಬಸ್ಸಿನ ಕಿಟಕಿಗಳಿಂದ ಚಾಚಿದ್ದ ಕತ್ತುಗಳು ಒಂದೊಂದಾಗಿ ಒಳಗೆ ಸರಿದವು. ಅತಿಥಿಯ ಒಳಉಡುಪನ್ನು ಹಾಡಹಗಲು ಪೇಟೆಯ ನಡುವೆ ಹರವಿಸಿದ್ದ ಅವನು. ಮಡಚಿಡಲು ಕೈ ಚಾಚಿದ; ಅದೂ ತಪ್ಪೆನಿಸಿ ಹಿಂದೆಗೆದ. ಎಲಿಸೊ ಎಲ್ಲವನ್ನೂ ಮಡಚಿ ತುಂಬಿದಳು. ರೊಟ್ಟಿ ಮಾತ್ರ ಜಪ್ತಿ ಮಾಲಾಗಿ ಉಳಿಯಿತು. 9.50ಕ್ಕೆ ಬಸ್ಸು ಹೊರಟುಹೋಯಿತು. ಹೇಳಿಕೆ ಕೊಡಲು ರಾಸಾ ಉಳಿದಳು.

ಲಖೂರಿಗೆ ಜೀಪಿನಲ್ಲಿ ಎರಡು ಗಂಟೆಯ ದಾರಿ. ಎಲಿಸೊ ತೊಡೆಯ ಮೇಲೆ ಹಳೆಯ ಫೈಲೊಂದನ್ನು ಬಿಚ್ಚಿಕೊಂಡಿದ್ದಳು. ಭಾನುವಾರದ ಆಣೆ ಯಾವ ವಿಷಯಕ್ಕೆ ಎಂದು ಕೇಳಿ, ಠಾಣೆಯಿಂದಲೇ ಎತ್ತಿಕೊಂಡು ಬಂದಿದ್ದಳು. 2018ರ ಆಗಸ್ಟ್ 23, ಅಸ್ವಾಭಾವಿಕ ಮರಣ. ಜೆಕ್ ದೇಶದ ಓಂದ್ರೆಯ್, 24 ವರ್ಷ, ಒಬ್ಬನೇ ಹೊಳೆ ದಾಟಲು ಹೋಗಿ ಕೊಚ್ಚಿಹೋದದ್ದು.

“ಸಾರ್, ಇದು ಒಂದೇ ಹಾಳೆ.”

“ಹೂಂ.”

“ಕುದುರೆ ಸರದಿ ಅವತ್ತು ನೊದಾರನದು ಅಂತ ಬಿಮುರ್ಜಾ ಹೇಳಿಕೆ. ಸರದಿ ಅದಲುಬದಲು ಮಾಡ್ಕೊಂಡಿದ್ವಿ, ಅವತ್ತು ಹೊಳೇಲಿದ್ದವನು ಬಿಮುರ್ಜಾನೇ ಅಂತ ನೊದಾರ್ ಹೇಳಿಕೆ. ಯಾರದು ನಿಜ ಅಂತ ವಿಚಾರಿಸಿದ್ದು ಎಲ್ಲೂ ಇಲ್ಲ.”

“ಇಲ್ಲ.”

“ಬರೆದ ಸ್ಥಳ, ಬಿಮುರ್ಜಾನ ಮನೆ. ಸಾಕ್ಷಿ, ಬಿಮುರ್ಜಾನ ತಮ್ಮ. ಊಟಕ್ಕೆ ಕೂತಿದ್ರಾ ಸಾರ್?”

ಅವಳು ತಮಾಷೆಗೆ ಕೇಳಿದ್ದಳು. ಮುರ್ಮಾನ್ ರಸ್ತೆಯನ್ನೇ ನೋಡುತ್ತ ಗೇರ್ ಬದಲಿಸಿದ. ಅವತ್ತು ಬಿಮುರ್ಜಾನ ಮೇಜಿನ ಮೇಲೆ ಮಾಂಸದ ರೊಟ್ಟಿಯಿತ್ತು, ಮನೆಯಲ್ಲೇ ಇಳಿಸಿದ ಅರಾಕ್ ಇತ್ತು. ಸತ್ತ ಹುಡುಗನ ಆತ್ಮಕ್ಕೆ ಶಾಂತಿ ಕೋರಿ ಬಿಮುರ್ಜಾ ಎದ್ದು ನಿಂತು ಲೋಟ ಎತ್ತಿದ್ದ. ಅಷ್ಟು ಚೆನ್ನಾಗಿ ಮಾತಾಡುವವನನ್ನು ಎರಡನೇ ಪ್ರಶ್ನೆ ಕೇಳಲು ಮುರ್ಮಾನನಿಗೆ ಸಂಕೋಚವಾಗಿತ್ತು. ಒಂದು ವರ್ಷದಿಂದ ನೊದಾರನ ಕುದುರೆಯನ್ನು ಯಾವ ಪ್ರವಾಸಿಯೂ ಹತ್ತಿರಲಿಲ್ಲ. ಮದುವೆ ಗೊತ್ತಾಗಿದ್ದ ಹುಡುಗಿಯ ಮನೆಯವರು ಉಂಗುರ ವಾಪಸು ಕಳಿಸಿದ್ದರು. ಆಣೆ ಬೇಕೇ ಬೇಕು ಎಂದು ಊರ ಹಿರಿಯರ ಮುಂದೆ ಮಂಡಿಯೂರಿದವನು ಅವನೇ.

12.10. ಚರ್ಚಿನೊಳಗೆ ಪಂಚನಾಮೆ. ಬೀಗ ಸರಿಯಿದೆ. ಬೆಳ್ಳಿಯ ದೊಡ್ಡ ಶಿಲುಬೆ ಮುಟ್ಟಿಲ್ಲ. ಚಿನ್ನದ ಲೇಪದ ಇನ್ನೆರಡು ಪಟ ಹಾಗೇ ಇವೆ. ಖಾಲಿ ಗೂಡಿನ ಮುಂದೆ ಪೂರ್ತಿ ಉರಿದು ಮುಗಿದ ಜೇನುಮೇಣದ ಬತ್ತಿ, ರೊಟ್ಟಿಯ ಚೂರು.

“ಅಪ್ಪಣೆ ಕೇಳಿ ಕದ್ದಿದಾನಲ್ಲ ಸಾರ್ ಇವನು,” ಎಂದಳು ಎಲಿಸೊ.

ಮುರ್ಮಾನ್ ಜೊಕಿಯಾನ ಕಡೆ ತಿರುಗಿದ. “ಅಜ್ಜ, ಮಂಡಿ ಹೇಗಿದೆ?”

ಮುದುಕ ಟೋಪಿ ತೆಗೆದ. “ಬೀಗದ ಕೈ ಬಿಟ್ಟುಕೊಡಬಾರದು. ನಮ್ಮ ಮನೇಲಿ ಯಾರೂ ಬಿಟ್ಟಿಲ್ಲ. ಸಾಯಂಕಾಲ ನೋಡಿದ್ರೆ ಗೇಟಿನ ಮೊಳೇಲಿ ನೇತಾಡ್ತಿತ್ತು. ಅವಳೇ ತೂಗುಹಾಕಿದಾಳೆ ಅಂದ್ಕೊಂಡೆ.”

“ಹೇಳ್ಬೇಕಿತ್ತು.”

“ಹೆಂಗೆ ಹೇಳ್ಲಿ? ಅವಳ ಮೇಲೆ ಹೇಳೋದು ಸುಲಭ ಇತ್ತು, ಹೇಳ್ಬಿಟ್ಟೆ.”

ಮುರ್ಮಾನನಿಗೆ ಅವನನ್ನು ಬೈಯುವ ಧೈರ್ಯ ಬರಲಿಲ್ಲ.

ಭಾನುವಾರದ ಆಣೆ ಬೇಡವಾಗಿದ್ದವನು ಒಬ್ಬನೇ. 1.15ಕ್ಕೆ ಜೀಪು ಬಿಮುರ್ಜಾನ ಮನೆಯ ಕಲ್ಲುಗೋಪುರದ ಕೆಳಗೆ ನಿಂತಿತು. ಅವನ ಹೆಂಡತಿ ಲಮಾರಾ ಓಡಿಬಂದು, “ಬನ್ನಿ, ಬನ್ನಿ ಅಣ್ಣ, ಎಷ್ಟು ದಿನ ಆಯ್ತು, ಈ ಮಗಳೂ ಬಂದಿದಾಳೆ, ಎಷ್ಟು ಸಣ್ಣಗಿದಾಳೆ, ಠಾಣೇಲಿ ಅನ್ನ ಹಾಕಲ್ವಾ?” ಎನ್ನುತ್ತ ಮೇಜಿಗೆ ಬಟ್ಟೆ ಹಾಸಿದಳು. ಗಿಣ್ಣು, ಉಪ್ಪಿನಕಾಯಿ, ಲೋಟಗಳು ಬಂದವು.

“ಇವತ್ತು ಕೂರಲ್ಲ ಲಮಾರಾ.”

ಅವಳ ಕೈ ಅಲ್ಲೇ ನಿಂತಿತು. ಈ ಸೀಮೆಯಲ್ಲಿ ಹಾಸಿದ ಮೇಜಿಗೆ ಯಾರೂ ಹಾಗೆ ಹೇಳುವುದಿಲ್ಲ.

ಮುರ್ಮಾನ್ ಬಿಳಿ ಬಟ್ಟೆ ಬಿಚ್ಚಿ ಅರ್ಧ ರೊಟ್ಟಿಯನ್ನು ಮೇಜಿನ ಮೇಲಿಟ್ಟ. “ಇದು ನೀನು ಸುಟ್ಟಿದ್ದಾ?”

ಲಮಾರಾ ರೊಟ್ಟಿ ನೋಡಿದಳು, ಗಂಡನನ್ನು ನೋಡಿದಳು. “ಗುರುವಾರ ಯಾಕೆ ಸುಡ್ಬೇಕು ಅಂತ ಕೇಳ್ದೆ. ಕೇಳಬೇಡ ಅಂದ್ರು.”

ಬಿಮುರ್ಜಾ ಒಲೆಯ ಪಕ್ಕ ಕೂತಿದ್ದ. ನಿಧಾನವಾಗಿ ಎದ್ದ. “ಬಾ.”

ಕಣಜದ ಕೋಣೆಯಲ್ಲಿ, ಕಿಟಕಿಗೆ ಎದುರಾಗಿ, ಲಮಾರಾಳ ಮದುವೆಯ ತಲೆವಸ್ತ್ರದ ಮೇಲೆ ಪಟ ನಿಂತಿತ್ತು.

“ಪೆಟ್ಟಿಗೇಲಿ ಇಟ್ಟಿದ್ದೆ. ಕತ್ತಲಲ್ಲಿ ಇಡೋಕೆ ಮನಸ್ಸು ಬರಲಿಲ್ಲ,” ಎಂದ ಬಿಮುರ್ಜಾ.

“ಮಾರೋಕಾ?”

ಅವನು ಮುರ್ಮಾನನನ್ನು ಎಂಥ ನೋಟ ನೋಡಿದನೆಂದರೆ ಆ ಪ್ರಶ್ನೆಯನ್ನು ಎಲಿಸೊ ಬರೆದುಕೊಳ್ಳಲಿಲ್ಲ. “ಭಾನುವಾರ ಕಳೀಲಿ ಅಂತ. ಆಮೇಲೆ ವಾಪಸು ಇಡ್ತಿದ್ದೆ. ಇವನನ್ನ ಎದೆಗೆ ಹಿಡ್ಕೊಂಡು ಸುಳ್ಳು ಹೇಳೋಕೆ ನನ್ನಿಂದ ಆಗಲ್ಲ ಮುರ್ಮಾನ್.”

“ಅವತ್ತು ಹೊಳೇಲಿದ್ದವನು ಯಾರು?”

“ನಾನು.”

“ಹುಡುಗ ಕುದುರೆ ಕೇಳಿದ್ನಾ?”

“ಆಚೆ ದಡದಿಂದ ಕೈ ಬೀಸ್ದ. ಹನ್ನೆರಡು ಗಂಟೆ ಆಗಿತ್ತು, ಹಿಮ ಕರಗಿ ನೀರು ಏರ್ತಿತ್ತು. ಹಿಂದಿನ ದಿನ ನಮ್ಮನೇಲೇ ಮಲಗಿದ್ದ. ಊಟದಲ್ಲಿ ನಮ್ಮಪ್ಪನ ನೆನಪಿಗೆ ನಾನು ಲೋಟ ಎತ್ತಿ ಮಾತಾಡ್ತಿದ್ರೆ ಎದ್ದು ಫೋನ್ ಹಿಡ್ಕೊಂಡು ಹೊರಗೆ ಹೋದ. ಅವನಿಗೇನು ಗೊತ್ತು ನಮ್ಮ ಪದ್ಧತಿ? ಅವನ ಅಮ್ಮ ಫೋನ್ ಮಾಡಿದ್ಲಂತೆ. ಬೆಳಗ್ಗೆ ಹೊರಟವನು ಹಿಮನದಿ ನೋಡ್ಕೊಂಡು ಮೇಲಿನ ಸೇತುವೆಯಿಂದ ಸುತ್ತಿ ಬಂದು ಆಚೆ ದಡದಲ್ಲಿ ನಿಂತಿದ್ದ.” ಬಿಮುರ್ಜಾ ಉಸಿರು ಎಳೆದುಕೊಂಡ. “ಸ್ವಲ್ಪ ಕಾಯಲಿ ಅಂತ ಬೆನ್ನು ತಿರುಗಿಸಿ ಕೂತೆ. ಒಂದು ಸಿಗರೇಟು ಸೇದಿದೆ. ಒಂದೇ ಒಂದು. ತಿರುಗಿ ನೋಡಿದಾಗ ದಡದಲ್ಲಿ ಯಾರೂ ಇಲ್ಲ.”

ಕಣಜದ ಬಾಗಿಲಲ್ಲಿ ಲಮಾರಾ ಬಾಯಿಗೆ ಬಟ್ಟೆ ಒತ್ತಿಕೊಂಡಳು.

“ಇಳಿದು ನೋಡ್ದೆ, ಕುದುರೆ ಸಮೇತ. ಸಿಗಲಿಲ್ಲ. ಜಾರಿ ಬಿದ್ದ ಅಂದಿದ್ರೆ ಮುಗೀತಿತ್ತು. ‘ನೀನು ಎಲ್ಲಿದ್ದೆ’ ಅಂತ ಕೇಳಿದ್ರೆ ಏನು ಹೇಳ್ಲಿ? ಉಣ್ಣಿಸಿದ ಹುಡುಗನ ಮೇಲೆ ಮುನಿಸ್ಕೊಂಡು ಕೂತಿದ್ದೆ ಅಂತಲಾ? ನೀನು ಬಂದು ಕೂತೆ, ನೊದಾರನ ಹೆಸರು ಬಾಯಿಂದ ಬಂತು. ನೀನು ಮತ್ತೆ ಕೇಳಲೂ ಇಲ್ಲ.”

“ಇಲ್ಲ. ಕೇಳಲಿಲ್ಲ.”

1.50. ಪಟದ ಜಪ್ತಿ ಪಂಚನಾಮೆ. ಜೊಕಿಯಾ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಮಂಡಿ ಬಾಗಿಸಲಾಗದೆ ಬಾಗಿಸುತ್ತ ದಿಬ್ಬ ಹತ್ತಿದ, ಯಾರಿಗೂ ಮುಟ್ಟಗೊಡಲಿಲ್ಲ. 2.05ಕ್ಕೆ ಬಂಧನ. ಕೋಳ ಹಾಕುವಾಗ ಬಿಮುರ್ಜಾ ತಾನೇ ಕೈ ಮುಂದೆ ಮಾಡಿದ.

ಬೀದಿಯಲ್ಲಿ ಊರು ಸೇರಿತ್ತು. ನೊದಾರ್ ಬೇಲಿಯ ಪಕ್ಕ ಕುದುರೆಯ ಹಗ್ಗ ಹಿಡಿದು ನಿಂತಿದ್ದ. ಮುರ್ಮಾನ್ ಅವನ ಮುಂದೆ ಹೋಗಿ ಟೋಪಿ ತೆಗೆದು, ಎಲ್ಲರಿಗೂ ಕೇಳುವಂತೆ ಹೇಳಿದ. “ಅವತ್ತು ಸರದಿ ನಿನ್ನದಲ್ಲ. ನೀನು ಹೇಳಿದ್ದೇ ನಿಜ. ನಾನು ತಪ್ಪು ಬರೆದೆ.”

“ಒಂದು ವರ್ಷ ಆಯ್ತಲ್ಲ ಸಾರ್,” ಎಂದ ನೊದಾರ್. ಕುದುರೆಯ ಕತ್ತಿಗೆ ಹಣೆ ಒತ್ತಿದ. ಅವನ ಹತ್ತಿರ ಹೋಗಲು ಊರವರಲ್ಲಿ ಯಾರಿಗೂ ಕಾಲು ಬರಲಿಲ್ಲ.

ಇಳಿಜಾರಿನಲ್ಲಿ ಜೀಪು ಅರ್ಧ ದಾರಿ ಬಂದಮೇಲೆ ಹಿಂದಿನ ಸೀಟಿನಿಂದ ಬಿಮುರ್ಜಾ ಕೇಳಿದ. “ಆ ಹೆಂಗಸು ಹೊಳೆ ಕಡೆ ಹೋಗಲಿಲ್ಲ ತಾನೆ?”

“ಇಲ್ಲ. ನೀನು ಹೇಳಿದ ಹಾಗೆ ಬಸ್ಸಿಗೆ ಬಂದಿದ್ಲು.”

“ಊರು ಮುಟ್ಟಿದ್ಲಾ?”

ಮುರ್ಮಾನ್ ಜೀಪಿನ ವೇಗ ತಗ್ಗಿಸಿದ. “ಬಸ್ಸಿಂದ ನಾನು ಇಳಿಸಿದೆ. ಚೀಲ ಬಿಚ್ಚಿಸಿದೆ.”

ಸಂಜೆ 5.20. ಠಾಣೆಯಲ್ಲಿ ರಾಸಾ ಕಾಲುಚೀಲದ ಎರಡನೆಯದನ್ನು ಹೆಣೆಯುತ್ತ ಕೂತಿದ್ದಳು. ಹೇಳಿಕೆಗೆ ಸಹಿ ಮಾಡಿದ ಮೇಲೆ, ಆ ರೊಟ್ಟಿ ವಾಪಸು ಸಿಗುವುದೇ ಎಂದು ಕೇಳಿದಳು, ದಾರಿಗೆಂದು ಉಳಿಸಿಕೊಂಡಿದ್ದಳಂತೆ. ಅದು ಈಗ ಸಾಕ್ಷ್ಯ ಎಂದ ಮುರ್ಮಾನ್. ಅವಳು ತಲೆಯಾಡಿಸಿದಳು. ನಾಳೆ ಬೆಳಿಗ್ಗೆ ಅವಳ ಚೀಲವನ್ನು ಆ ಚೌಕ ದಾಟಿಸಿ ಬಸ್ಸಿನವರೆಗೆ ತಾನೇ ಹೊರುತ್ತೇನೆ ಎಂದುಕೊಂಡ.

ಎಲಿಸೊ ಹಳೆಯ ಫೈಲಿಗೆ ಎರಡನೆಯ ಹಾಳೆ ಸೇರಿಸಿ ಪೆನ್ನು ಹಿಡಿದು ಕಾದಿದ್ದಳು.

“ಮರುತನಿಖೆ. ಮೊದಲನೇ ಸಾಕ್ಷಿ ಯಾರು ಅಂತ ಬರೀಲಿ ಸಾರ್? ನೊದಾರ್?”

“ಅಲ್ಲ,” ಎಂದ ಅವನು, ಕುರ್ಚಿಯಿಂದೆದ್ದು ಮೇಜಿನ ಆಚೆ, ಹೇಳಿಕೆ ಕೊಡುವವರು ನಿಲ್ಲುವ ಕಡೆ ಬಂದು ನಿಂತು. “ಬರಿ. ಮುರ್ಮಾನ್ ನಕಾನಿ, ವಯಸ್ಸು ನಲವತ್ತಾರು. ಅವತ್ತು ಆ ಮನೆಯಲ್ಲಿ ಊಟಕ್ಕೆ ಕೂತಿದ್ದವನು.”